ಕ್ಯಾಲರಿ ಎಣಿಕೆಯ ಆ್ಯಪ್‌ಗಳು

ಆಹಾರದಿಂದ ದೊರೆತ ಮತ್ತು ದೇಹ ವ್ಯಯಿಸಿದ ಶಕ್ತಿಯ ಲೆಕ್ಕವಿಡುವ ಮೊಬೈಲ್ ತಂತ್ರಾಂಶಗಳು. ಇವುಗಳ ಜೊತೆಗಾರ ಸಾಧನಗಳಾದ ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡ್‌ಗಳು ಚಲನೆಯಿಂದ ಹೆಜ್ಜೆಗಳನ್ನೂ ಹಸಿರು ಬೆಳಕಿನಿಂದ ನಾಡಿಮಿಡಿತವನ್ನೂ ಅಳೆಯುತ್ತವೆ. ಅವು ತೋರಿಸುವ ಕ್ಯಾಲರಿ ವ್ಯಯ ಅಂದಾಜು ಮಾತ್ರ. ಭಾರತೀಯ ಖಾದ್ಯಗಳ ಲೆಕ್ಕಕ್ಕೆ ಹೆಸರಾದ ಹೆಲ್ತಿಫೈಮಿ 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.

ಈ ಲೆಕ್ಕವನ್ನು ಸ್ಥಳೀಯ ಊಟ, ದುಡಿಮೆಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊಟದಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ ಪ್ರಧಾನ. 100 ಗ್ರಾಂ ಜೋಳದಲ್ಲಿ ಸುಮಾರು 330–350 ಕಿಲೊಕ್ಯಾಲರಿ ಇರುತ್ತದೆ. ಬಡಿದ ರೊಟ್ಟಿಯ ಗಾತ್ರ ಮನೆಯಿಂದ ಮನೆಗೆ ಬೇರೆಯಾಗುವುದರಿಂದ, ರೊಟ್ಟಿಗಳನ್ನು ಎಣಿಸುವುದಕ್ಕಿಂತ ಹಿಟ್ಟನ್ನು ತೂಗಿ ದಾಖಲಿಸುವುದು ಹೆಚ್ಚು ನಿಖರ. ಕುಳಿತು ಕಳೆ ಕೀಳುವಂಥ ಹೊಲದ ದುಡಿಮೆ ಹೆಜ್ಜೆಗಳ ಎಣಿಕೆಗೆ ಸಿಗುವುದಿಲ್ಲ.