ಮಣ್ಣಿನಲ್ಲಿ ದೊರೆವ ನಾಣ್ಯಗಳ ಪರೀಕ್ಷೆ

ಬೆಳಗೋಡಿನ ಸುತ್ತಲ ಮಲೆಸೀಮೆಯಲ್ಲಿ ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗಲೋ, ಮುಂಗಾರಿನ ಹೊಡೆತಕ್ಕೆ ಇಳಿಜಾರಿನ ಮಣ್ಣು ಜರಿದಾಗಲೋ ಹಳೆಯ ಲೋಹದ ತುಣುಕು ಕಣ್ಣಿಗೆ ಬೀಳಬಹುದು. ಲೋಹಶೋಧಕ ಯಂತ್ರಗಳು ಬಂದ ಮೇಲೆ ಕಣ್ಣಿಗೆ ಕಾಣದುದೂ ಪತ್ತೆಯಾಗುತ್ತಿದೆ. ಆದರೆ ಯಂತ್ರವು ಲೋಹವಿದೆಯೆಂದಷ್ಟೇ ಸಾರಬಲ್ಲುದು. ಅದು ಯಾವ ಕಾಲದ್ದು, ಯಾರ ಆಳಿಕೆಯದು ಎಂಬುದನ್ನು ಓದುವ ಕೆಲಸ ಮನುಷ್ಯನಿಗೇ ಉಳಿದಿದೆ.

ಈ ಓದು ಎಷ್ಟು ಎಚ್ಚರವನ್ನು ಬೇಡುವುದೆಂಬುದಕ್ಕೆ ಆನೆಯ ಮುದ್ರೆಯೇ ನಿದರ್ಶನ. ಆನೆಯನ್ನು ಕಂಡೊಡನೆ ಗಂಗರ ನಾಣ್ಯವೆಂದು ನಿರ್ಣಯಿಸಿಬಿಡುವವರುಂಟು. ಒಂದು ಮುಖದಲ್ಲಿ ಆನೆ, ಹಿಂಬದಿಯಲ್ಲಿ ಬಳ್ಳಿಯ ಸುರುಳಿಯುಳ್ಳ ಚಿನ್ನದ ಗಜಪತಿ ವರಹವನ್ನು ವಾಡಿಕೆಯಲ್ಲಿ ಗಂಗರದೆನ್ನುವರು ನಿಜ. ಅಕ್ಷರವಿಲ್ಲದುದರಿಂದ ಅದರಲ್ಲಿಯೂ ವಿದ್ವಾಂಸರಿಗೆ ಒಮ್ಮತವಿಲ್ಲ. ಲೋಹವು ತಾಮ್ರವಾಗಿದ್ದರೆ ಕಥೆಯೇ ಬೇರೆ. ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳಲ್ಲಿ ಆನೆಯ ಹಿಂಬದಿಗೆ ಪಾರಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರಿರುವುದು. ‘ಪಟನ್’ ಎಂದಿದ್ದರೆ ಶ್ರೀರಂಗಪಟ್ಟಣ. ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ ಸಂವತ್ಸರ, ಬಳಿಕ ಮೌಲೂದಿ. ಮೌಲೂದಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 5221 ಎಂದು ಕಾಣುವುದು 1225, ಅದು ಕ್ರಿ. ಶ. 1797-98ಕ್ಕೆ ಸಲ್ಲುವುದು. ಇದನ್ನರಿಯದವನು ಲಿಪಿಯನ್ನು ಬಲ್ಲವನಾದರೂ ದಾರಿತಪ್ಪುವನು. 1792ರಲ್ಲಿ ಅದೇ ಸುಲ್ತಾನನು ಸಕಲೇಶಪುರದ ಬಳಿ ಎಂಟು ಮೂಲೆಯ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದುದರಿಂದ ಆ ಕಾಲದ ಪುಡಿಕಾಸು ಈ ಸೀಮೆಯಲ್ಲಿ ಸಿಕ್ಕರೆ ಅಚ್ಚರಿಪಡಬೇಕಾದುದಿಲ್ಲ.

ಅಷ್ಟಕ್ಕೇ ಆನೆಯ ವಂಶ ಮುಗಿಯಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿಯೂ ಆನೆಯೇ ನಿಂತಿದೆ. ಮೇಲೆ ಸೂರ್ಯಚಂದ್ರರು, ನಡುವೆ ಕನ್ನಡದ ‘ಶ್ರೀ’.

ಅಕ್ಷರವಿದ್ದ ಮಾತ್ರಕ್ಕೆ ಅರಸನ ಹೆಸರು ಸಿಕ್ಕೀತೆಂದಿಲ್ಲ. ಹೊಯ್ಸಳರ ಚಿನ್ನದ ಕೆಲವು ನಾಣ್ಯಗಳಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬಿರುದು ಮಾತ್ರ ಇದೆ. ಚೋಳರಿಂದ ತಲಕಾಡನ್ನು ಗೆದ್ದುಕೊಂಡವನು ವಿಷ್ಣುವರ್ಧನನೆಂದು ಶಿಲಾಶಾಸನಗಳು ಹೇಳುವುದರಿಂದಲೇ ನಾಣ್ಯಕ್ಕೆ ಒಡೆಯನು ದೊರೆತನು. ನೆರೆಯ ಬೇಲೂರಿನಲ್ಲಿ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠಿಸಿದವನೂ ಆತನೇ. ಕಲ್ಲು ಮಾತನಾಡಿತು, ಚಿನ್ನ ಗುರುತಾಯಿತು.

ಇಂಥ ಸಾಕ್ಷ್ಯವು ಮನೆಯಂಗಳದಲ್ಲಿಯೇ ಹಾಳಾಗುವುದು ಶೋಚನೀಯ. ತಾಮ್ರದ ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಹೊಳಪು ಬರುವುದು. ಸವೆದುಳಿದ ಅಕ್ಷರವು ಅದರೊಡನೆಯೇ ಹೋಗುವುದು. ಅಕ್ಕಸಾಲೆಯ ಕುಲುಮೆಗೆ ಬಿದ್ದ ಚಿನ್ನವಂತೂ ತೂಕವೊಂದನ್ನೇ ಉಳಿಸಿಕೊಳ್ಳುವುದು.

ನಾಣ್ಯಗಳು ಗುಂಪಾಗಿ ದೊರೆತಾಗ ನಷ್ಟವು ಇನ್ನೂ ಹಿರಿದು. 1891ರಲ್ಲಿ ಯಶವಂತಪುರದಲ್ಲಿ ರೈಲು ಕೆಲಸಕ್ಕೆ ನೆಲವನ್ನಗೆದಾಗ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕಿದುವು. ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಮುದ್ರೆ ಅವುಗಳ ಮೇಲಿತ್ತು. ಇಂಥ ಗುಂಪಿನಲ್ಲಿ ಎಲ್ಲಕ್ಕಿಂತ ಹೊಸದಾದ ನಾಣ್ಯವೇ ಮುಖ್ಯ. ಅದು ಅಚ್ಚಾಗುವುದಕ್ಕೆ ಮುಂಚೆ ಆ ಗುಂಪನ್ನು ಹೂಳಿರಲಾರರು. ಪಾಲುಗಾರರು ಹಂಚಿಕೊಂಡರೆ ಈ ಲೆಕ್ಕವೇ ತಪ್ಪಿಹೋಗುವುದು. ಕರ್ನಾಟಕದ 1962ರ ನಿಧಿ ಕಾಯಿದೆಯು ದೊರೆತ ನಿಧಿಯ ಸುದ್ದಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆನ್ನುತ್ತದೆ. ಯಂತ್ರ ಹಿಡಿದು ಇರುಳಿನಲ್ಲಿ ಪಾಳುಗುಡಿಯ ಪೀಠವನ್ನು ಕೀಳುವವರಿಗೆ ಆ ಕಾಯಿದೆಯೂ ಬೇಡ, ಆ ಗುಡಿಯೂ ಬೇಡ.

ಇನ್ನು ಅತಿ ಚಿಕ್ಕದಾದುದರಿಂದಲೇ ಕೈತಪ್ಪುವುದು ಕಂಠೀರಾಯ ಹಣ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಅಚ್ಚುಹಾಕಿಸಿದ ಈ ಚಿನ್ನದ ಹಣವು ಅರ್ಧ ಗ್ರಾಮೂ ತೂಗದು. ಬೆರಳ ತುದಿಯಲ್ಲಿಯೇ ಅಡಗುವುದು. ಅದರ ಮೇಲೆ ನರಸಿಂಹನ ರೂಪ. ಅಂಗಡಿಯ ಚಿಲ್ಲರೆಗಿಂತ ಕಿರಿದಾದ ಅದನ್ನು ಗುಂಡಿಯ ಮಣ್ಣಿನಲ್ಲಿ ಗುರುತಿಸಬೇಕಾದರೆ ಹಾರೆಯನ್ನು ಬದಿಗಿಟ್ಟು ಜರಡಿಯನ್ನು ಹಿಡಿಯಬೇಕು.