ಪರಿಸರ ವಿಜ್ಞಾನದಲ್ಲಿ ಉನ್ನತ ಓದು: ದುಡ್ಡು ಎಲ್ಲಿಂದ?

ಪರಿಸರ ಕೆಟ್ಟರೆ ಏನಾಗುತ್ತದೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಎಣ್ಮಕಜೆ, ಪಡ್ರೆಯ ಮನೆಗಳಿಗೆ ಏನು ಮಾಡಿತೆಂದು ಎಲ್ಲರಿಗೂ ಗೊತ್ತು. ಆದರೂ ಇಲ್ಲಿಯ ಮಕ್ಕಳು ಈ ವಿಷಯದಲ್ಲಿ ಎಂ.ಎಸ್ಸಿ. ಮಾಡ್ತೇನೆ ಅಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಖರ್ಚಿನದ್ದು.

ಎಂ.ಎಸ್ಸಿ.ಗೆ ಸಹಾಯಧನ ಕಡಿಮೆ, ಸಂಶೋಧನೆಗೆ ಜಾಸ್ತಿ. ಹಾಗಾಗಿ ಎಂ.ಎಸ್ಸಿ.ಯನ್ನು ಸರಕಾರಿ ವಿಶ್ವವಿದ್ಯಾನಿಲಯದಲ್ಲಿ ಮುಗಿಸುವುದೇ ಜಾಣತನ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲೇ ಈ ಕೋರ್ಸ್ ಇದೆ. ಪ್ರವೇಶ ಸಿಯುಇಟಿ-ಪಿಜಿ ಪರೀಕ್ಷೆ ಮೂಲಕ. ಮನೆಯಿಂದ ಬಸ್ಸಲ್ಲಿ ಹೋಗಿ ಬರುವವರಿಗೆ ಹಾಸ್ಟೆಲ್ ಖರ್ಚೂ ಉಳಿಯಿತು.

ಮುಂದಿನ ದೊಡ್ಡ ಬಾಗಿಲು ಯುಜಿಸಿ-ನೆಟ್. ಅದರಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಷಯ. ಎಂ.ಎಸ್ಸಿ. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಮೊದಲ 2 ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000 ರೂ. (2023ರ ಜನವರಿಯಿಂದ ಜಾರಿಯಾದ ದರ). ವಯೋಮಿತಿ 30, ಹೆಣ್ಣುಮಕ್ಕಳಿಗೆ, ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ 5 ವರ್ಷ ರಿಯಾಯಿತಿ. ಆದರೆ ಒಬಿಸಿ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ಅರ್ಜಿ ಕರೆದ ಮೇಲೆ ವಿಲೇಜ್ ಆಫೀಸಿಗೆ ಓಡುವುದಕ್ಕಿಂತ ಮೊದಲೇ ಮಾಡಿಸಿಟ್ಟರೆ ತಲೆಬಿಸಿ ಇಲ್ಲ.

ಮೌಲಾನಾ ಆಝಾದ್ ಫೆಲೋಶಿಪ್ ನಂಬಿ ಕೂರುವುದು ಬೇಡ. ಕೇಂದ್ರ ಸರಕಾರ 2022-23ರಿಂದ ಅದನ್ನು ನಿಲ್ಲಿಸಿದೆ. ವಿದೇಶದ ಓದಿನ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಪಢೋ ಪರದೇಸ್ ಕೂಡ ಈಗಿಲ್ಲ. ಸಮುದಾಯಕ್ಕೆ ಇದು ಸಣ್ಣ ನಷ್ಟವಲ್ಲ.

ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ಯುರೋಪಿನ ಇರಾಸ್ಮಸ್ ಮುಂಡುಸ್ ಜಂಟಿ ಸ್ನಾತಕೋತ್ತರ ಕೋರ್ಸುಗಳನ್ನು ಮೊದಲು ನೋಡಬೇಕು. ಪರಿಸರದ ಕೋರ್ಸುಗಳು ಅಲ್ಲಿ ಹಲವು ಇವೆ. ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ, ಗರಿಷ್ಠ 24 ತಿಂಗಳು. ಹೆಚ್ಚಿನವುಗಳ ಅರ್ಜಿ ಅಕ್ಟೋಬರಿನಿಂದ ಜನವರಿಯೊಳಗೆ ಮುಗಿಯುತ್ತದೆ, ಅಂದರೆ ಡಿಗ್ರಿಯ ಕೊನೆಯ ವರ್ಷದ ಆರಂಭದಲ್ಲೇ ತಯಾರಿ ಆಗಬೇಕು. ಜರ್ಮನಿಯ ಡಿಎಎಡಿ ಸಂಸ್ಥೆಯ ಇಪೋಸ್ ಯೋಜನೆಗೆ ಕನಿಷ್ಠ 2 ವರ್ಷದ ಕೆಲಸದ ಅನುಭವ ಬೇಕು. ಈಗಾಗಲೇ ಕೆಲಸದಲ್ಲಿರುವವರಿಗೆ ಅದೇ ಸೂಕ್ತ.

ಗಡಿಯವರು ಗಮನಿಸಬೇಕಾದದ್ದು: ವಿದೇಶ ಓದಿಗೆ ಕರ್ನಾಟಕದ ಅಲ್ಪಸಂಖ್ಯಾತರ ಇಲಾಖೆ ಕೊಡುವ ವಿದ್ಯಾರ್ಥಿವೇತನ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಮಂಗಳೂರಿನಲ್ಲಿ ಓದಿದ ಮಾತ್ರಕ್ಕೆ ಮಂಜೇಶ್ವರ, ಉಪ್ಪಳದ ಮಕ್ಕಳಿಗೆ ಅದು ಸಿಗುವುದಿಲ್ಲ.

ಬ್ಯಾಂಕಿನ ಬಡ್ಡಿ ಸಾಲ ಬೇಡ ಎನ್ನುವ ಮನೆಗಳಿಗೂ ಒಂದು ದಾರಿ ಇದೆ. ಮುಂಬೈಯ ನರೋತ್ತಮ್ ಸೇಖ್ಸಾರಿಯಾ ಫೌಂಡೇಶನ್ ಸ್ನಾತಕೋತ್ತರ ಓದಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಓದು ಮುಗಿದ ಮೇಲೆ ಅಸಲನ್ನು ಕಂತುಗಳಲ್ಲಿ ತೀರಿಸಿದರಾಯಿತು.