‘ಶೋಲೆ’ಯ ಎರಡು ಮುಕ್ತಾಯಗಳು: ಪ್ರೇಕ್ಷಕಸ್ಮೃತಿ ಮತ್ತು ಪಾಠಾಂತರ

ಪ್ರಾಚೀನ ಕನ್ನಡ ಕಾವ್ಯಗಳ ಅಭ್ಯಾಸಿಗಳಿಗೆ ಒಂದೇ ಕಥೆಗೆ ಹಲವು ಮುಕ್ತಾಯಗಳಿರುವುದು ಹೊಸ ಸಂಗತಿಯಲ್ಲ. ಪಂಪಭಾರತವು ಅರ್ಜುನ-ಸುಭದ್ರೆಯರ ಪಟ್ಟಾಭಿಷೇಕದಲ್ಲಿಯೂ ರನ್ನನ ಗದಾಯುದ್ಧವು ಭೀಮನ ಪಟ್ಟಾಭಿಷೇಕದಲ್ಲಿಯೂ ಮುಗಿಯುತ್ತವೆ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದ ಕಥೆಯನ್ನು ತಿಮ್ಮಣ್ಣಕವಿ ಮುಂದುವರಿಸಿದನು. ಚಲನಚಿತ್ರದ ವಿಷಯದಲ್ಲಿ ಮಾತ್ರ ನಾವು ಒಂದೇ ಸ್ಥಿರಪಾಠವಿದೆಯೆಂದು ಭಾವಿಸುತ್ತೇವೆ. ಪ್ರೇಕ್ಷಕನೊಬ್ಬನು ಬೇರೆ ಮುಕ್ತಾಯವನ್ನು ಹೇಳಿದರೆ ಅದನ್ನು ಮರೆವಿನ ದೋಷವೆಂದು ತಳ್ಳಿಹಾಕುತ್ತೇವೆ. ಈ ತೀರ್ಮಾನ ಎಷ್ಟು ದುಡುಕಿನದೆಂಬುದಕ್ಕೆ ರಮೇಶ್ ಸಿಪ್ಪಿ ನಿರ್ದೇಶಿಸಿದ ಹಿಂದೀ ಚಿತ್ರ ‘ಶೋಲೆ’ ಉತ್ತಮ ನಿದರ್ಶನ.

1973ರ ಅಕ್ಟೋಬರಿನಲ್ಲಿ ರಾಮನಗರದ ಬಂಡೆಗಳ ನಡುವೆ ಈ ಚಿತ್ರದ ಚಿತ್ರೀಕರಣ ಆರಂಭವಾಯಿತು. ಗಬ್ಬರ್‌ಸಿಂಗನಿಂದ ಎರಡೂ ತೋಳುಗಳನ್ನು ಕಳೆದುಕೊಂಡ ಠಾಕೂರ್ ಬಲದೇವಸಿಂಗನು ಕೊನೆಯಲ್ಲಿ ಕಾಲುಗಳಿಂದಲೇ ಅವನನ್ನು ಕೊಲ್ಲುವಂತೆ ಸಲೀಂ-ಜಾವೇದ್ ಕಥೆಯನ್ನು ಹೆಣೆದಿದ್ದರು. ಚಿತ್ರೀಕರಣವೂ ಹಾಗೆಯೇ ನಡೆದಿತ್ತು. ಆದರೆ 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾಯಿತು. ಮಾಜಿ ಪೊಲೀಸ್ ಅಧಿಕಾರಿಯೊಬ್ಬನು ತಾನೇ ದಂಡನೆ ವಿಧಿಸುವುದಕ್ಕೆ ಸೆನ್ಸಾರ್ ಮಂಡಳಿ ಆಕ್ಷೇಪಿಸಿತು. ಕೊನೆಯ ಕ್ಷಣದಲ್ಲಿ ಪೊಲೀಸರು ಬಂದು ಠಾಕೂರನನ್ನು ತಡೆದು ಗಬ್ಬರನನ್ನು ವಶಕ್ಕೆ ತೆಗೆದುಕೊಳ್ಳುವ ದೃಶ್ಯವನ್ನು ಹೊಸದಾಗಿ ಚಿತ್ರಿಸಬೇಕಾಯಿತು. 1975ರ ಆಗಸ್ಟ್ 15ರಂದು ತೆರೆಕಂಡದ್ದು ಈ ಪಾಠ. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಚಿತ್ರವು ಐದು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು.

ಕಾಲಾನಂತರ ವಿಡಿಯೋ ಪ್ರತಿಗಳ ಮೂಲಕ ಕೊಲೆಯ ಮುಕ್ತಾಯವೂ ಪ್ರಚಾರಕ್ಕೆ ಬಂದಿತು. ಚಿತ್ರಮಂದಿರದಲ್ಲಿ ಒಂದನ್ನೂ ಮನೆಯಲ್ಲಿ ಇನ್ನೊಂದನ್ನೂ ಕಂಡವರ ನೆನಪಿನಲ್ಲಿ ಎರಡೂ ಬೆರೆತದ್ದು ಸಹಜ. ಮೂಲ ಕ್ಯಾಮೆರಾ ನೆಗೆಟಿವ್ ಬಳಕೆಗೆ ಬಾರದಷ್ಟು ಕೆಟ್ಟಿದ್ದುದರಿಂದ ಬೇರೆ ಪ್ರತಿಗಳನ್ನು ಆಧರಿಸಿ ಜೀರ್ಣೋದ್ಧಾರ ನಡೆಯಿತು. ಮೂಲ ಮುಕ್ತಾಯವುಳ್ಳ ಈ ಪಾಠವು 2025ರ ಜೂನ್ ತಿಂಗಳಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶಿತವಾಯಿತು. ಹೀಗೆ ‘ತಪ್ಪು ನೆನಪು’ ಎನಿಸಿಕೊಂಡಿದ್ದಕ್ಕೆ ಪ್ರತಿಯ ಆಧಾರ ದೊರೆತಂತಾಯಿತು.

ಆದರೆ ಎಲ್ಲ ನೆನಪುಗಳಿಗೂ ಇಂಥ ಆಧಾರವಿರುವುದಿಲ್ಲ. ಬಿಡುಗಡೆಯ ಮೊದಲ ದಿನಗಳಲ್ಲಿ ಚಿತ್ರ ಸೋತಿತೆಂಬ ಭಯ ಹುಟ್ಟಿದಾಗ, ಜೈ ಸಾಯದೆ ಉಳಿಯುವಂತೆ ಮುಕ್ತಾಯವನ್ನು ಬದಲಿಸುವ ಆಲೋಚನೆ ನಡೆದಿತ್ತೆಂಬುದನ್ನು ಅನುಪಮಾ ಚೋಪ್ರಾ ಈ ಚಿತ್ರದ ನಿರ್ಮಾಣವನ್ನು ಕುರಿತ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಆ ಆಲೋಚನೆ ಕೈಗೂಡಲಿಲ್ಲ. ಆದುದರಿಂದ ಜೈ ಬದುಕಿದುದನ್ನು ಕಂಡೆನೆನ್ನುವ ಪ್ರೇಕ್ಷಕನ ನೆನಪು ಪಾಠಾಂತರವಲ್ಲ. ಅದು ಆಶಯದ ಸೃಷ್ಟಿ. ಚಿತ್ರಿಸಿ ಕೈಬಿಟ್ಟದ್ದು, ಆಲೋಚಿಸಿ ಚಿತ್ರಿಸದೆ ಹೋದದ್ದು, ಪ್ರೇಕ್ಷಕನ ಮನಸ್ಸಿನಲ್ಲಿ ಮಾತ್ರ ಇರುವುದು ಎಂಬ ಮೂರನ್ನು ಸಂಶೋಧಕರು ಬೇರ್ಪಡಿಸಿ ನೋಡಬೇಕು.

ಇನ್ನು ಉಳಿಯುವ ಪ್ರಶ್ನೆ, ಇವೆರಡರಲ್ಲಿ ಯಾವುದು ಗ್ರಾಹ್ಯ ಎಂಬುದು. ಕರ್ತೃವಿನ ಆಶಯವನ್ನೇ ಪ್ರಮಾಣವೆಂದರೆ ಕೊಲೆಯ ಮುಕ್ತಾಯವೇ ಸಾಧು. ಆದರೆ ಪೊಲೀಸರ ಆಗಮನವೂ ಕೇವಲ ಅಪಪಾಠವಲ್ಲ. ಪ್ರಭುತ್ವವು ಕಥೆಯೊಂದರ ಕೊನೆಯನ್ನು ಹೇಗೆ ತಿದ್ದಿಸಿತೆಂಬುದಕ್ಕೆ ಅದು ತುರ್ತುಪರಿಸ್ಥಿತಿಯ ಸಾಕ್ಷ್ಯ. ಚಿತ್ರವನ್ನು ಜನಪ್ರಿಯಗೊಳಿಸಿದ ಪ್ರೇಕ್ಷಕರು ಕಂಡದ್ದೂ ಅದನ್ನೇ. ಮೂಲ ದೊರೆಯಿತೆಂದು ಅದನ್ನು ಅಳಿಸಿದರೆ ಚರಿತ್ರೆಯ ಒಂದು ಪುಟವನ್ನೇ ಅಳಿಸಿದಂತಾಗುತ್ತದೆ. ಎರಡನ್ನೂ ಜೊತೆಯಾಗಿ ಉಳಿಸುವುದೇ ನ್ಯಾಯವೆಂದು ನಮ್ಮ ಅಭಿಪ್ರಾಯ. ಹೊರನಾಡ ಕನ್ನಡಿಗರ ಚಿತ್ರಸ್ಮೃತಿಗಳನ್ನು ಸಂಗ್ರಹಿಸುವವರು ಹೇಳಿಕೆಯನ್ನು ತಿದ್ದುವ ಮೊದಲು ಯಾವ ಊರಿನಲ್ಲಿ, ಯಾವ ವರ್ಷದಲ್ಲಿ, ಚಿತ್ರಮಂದಿರದಲ್ಲೋ ಕ್ಯಾಸೆಟ್ಟಿನಲ್ಲೋ ಕಂಡದ್ದೆಂದು ಕೇಳಿ ಬರೆದುಕೊಳ್ಳುವುದು ಅವಶ್ಯ.